ಹುಣ್ಣಿಮೆಗೆ ಬೇಡಿದ ಅಮಾವಾಸ್ಯೆ

ಹೊಸಪೇಟೆಯ ಸಾವುಕಾರ ಮನೋಹರ್ ಅವರ ಮುಖ್ಯ ಕಚೇರಿಯಲ್ಲಿ, ಮೇಲಂತಸ್ತಿಗೆ ಹತ್ತುವ ಮೆಟ್ಟಿಲ ಅಡಿಯಲ್ಲಿ, ಹೊರಗಿನ ಬಿಸಿಲು ಎಂದೂ ಇಣುಕದ ಒಂದು ತಂಪುಕೋಣೆಯಿದೆ. ಆ ಕೋಣೆಯಲ್ಲಿ ಉಜ್ಜಿನಪ್ಪನವರು ಇಪ್ಪತ್ತು ವರ್ಷಕ್ಕೂ ಮಿಕ್ಕಿ ಕುಳಿತವರು. ಹಣೆಯಲ್ಲಿ ಅಚ್ಚುಕಟ್ಟಾದ ವಿಭೂತಿ, ಕೊರಳಲ್ಲಿ ಇಷ್ಟಲಿಂಗದ ಬೆಳ್ಳಿಯ ಕರಡಿಗೆ, ಬೇಸಿಗೆಯಲ್ಲೂ ಬಿಡದ ತೋಳಿಲ್ಲದ ಸ್ವೆಟರ್, ಕಣ್ಣುಗಳ ಕೆಳಗೆ ನೇರಳೆಹಣ್ಣು ಹಿಂಡಿದಂಥ ಕಪ್ಪು. ಅವರನ್ನು ಕಂಡವರು ಈತ ದಣಿದಿದ್ದಾನೆ ಎನ್ನುತ್ತಿರಲಿಲ್ಲ; ಈತನ ಮುಖವೇ ಹೀಗೆ ಎಂದುಕೊಳ್ಳುತ್ತಿದ್ದರು. ದಣಿವು ಬಹುಕಾಲ ಒಂದೇ ಮನೆಯಲ್ಲಿ ನೆಲೆಸಿದರೆ ಮನೆಯವನ ಚಹರೆಯನ್ನೇ ತನ್ನದಾಗಿಸಿಕೊಂಡುಬಿಡುತ್ತದೆ.

ಸಾವುಕಾರರದು ಹಲವು ಊರುಗಳಿಗೆ ಹರಡಿದ ವ್ಯವಹಾರ. ಕಂಪ್ಲಿಯಲ್ಲಿ ಅಕ್ಕಿ ಗಿರಣಿ, ಸಂಡೂರಿನ ಬಳಿ ಯಶವಂತನಗರದಲ್ಲಿ ಅದಿರಿನ ಲಾರಿಗಳನ್ನು ತೂಗುವ ವೇಬ್ರಿಜ್, ಹಂಪಿ ನೋಡಲು ಬರುವವರಿಗಾಗಿ ಕಮಲಾಪುರದಲ್ಲೊಂದು ವಸತಿಗೃಹ. ಒಂದೊಂದು ಕಡೆಯೂ ಒಂದೊಂದು ಯುನಿಕ್ಸ್ ಸರ್ವರ್ ಇತ್ತು. ಹಗಲೆಲ್ಲ ನಡೆದುದನ್ನು ತನ್ನ ಹೊಟ್ಟೆಯಲ್ಲಿಟ್ಟುಕೊಳ್ಳುವ ಕಬ್ಬಿಣದ ಪೆಟ್ಟಿಗೆ ಅದು. ಪೆಟ್ಟಿಗೆ ಕೆಟ್ಟರೂ ಒಳಗಿನದು ಕೆಡದಿರಲೆಂದು ಪ್ರತಿದಿನದ ಕೊನೆಗೆ ಅದರ ನಕಲೊಂದನ್ನು ಹೊಸಪೇಟೆಗೆ ತರಿಸಿ ಕಾಪಿಡುವುದಕ್ಕೆ ಬ್ಯಾಕಪ್ ಎಂದು ಹೆಸರು. ಅದನ್ನು ತರಿಸುವುದು ಉಜ್ಜಿನಪ್ಪನವರ ಪಾಲಿನ ಕಾಯಕ.

ಈ ಕಾಯಕಕ್ಕೊಂದು ಹಿಂದಿನ ಕಥೆಯಿತ್ತು. ನಕಲು ತೆಗೆಯುವ ಪದ್ಧತಿಯೇ ಇಲ್ಲದಿದ್ದ ಕಾಲದಲ್ಲಿ, ಒಂದು ಮುಂಗಾರಿನ ಸಂಜೆ ಯಶವಂತನಗರದ ವೇಬ್ರಿಜ್ ಮೇಲೆ ಸಿಡಿಲು ಬಡಿಯಿತು. ಅನೇಕ ದಿನಗಳ ತೂಕವೆಲ್ಲ ಒಂದು ಕ್ಷಣದಲ್ಲಿ ಇಲ್ಲವಾಯಿತು. ಕೆಂಚಣ್ಣನೆಂಬ ಲಾರಿ ಚಾಲಕ, ತಾನು ಗುಡ್ಡದಿಂದ ಅದಿರು ತಂದದ್ದು ನಿಜವೆಂದು ಎಲ್ಲರೆದುರು ಆಣೆ ಇಟ್ಟು ಹೇಳಬೇಕಾಯಿತು. ನಂಬಿದವರು ಕೆಲವರು, ನಕ್ಕವರು ಹಲವರು. ಬಿಳಿತಲೆಯ ಆ ಮನುಷ್ಯ ಕೆಂಧೂಳಿನಲ್ಲಿ ಕೈಯೆತ್ತಿ ನಿಂತ ಬಗೆಯನ್ನು ಉಜ್ಜಿನಪ್ಪನವರು ಮರೆಯಲಿಲ್ಲ. ಅಂದಿನಿಂದ ಅವರು ತಾವೇ ಕುಳಿತು ನಕಲು ತರಿಸತೊಡಗಿದರು. ಹೊಸಪೇಟೆಗೆ ಬರುವ ಜಾಲದ ದಾರಿ ಇಕ್ಕಟ್ಟು. ಮೂರೂ ಸರ್ವರ್‌ಗಳು ಒಮ್ಮೆಲೇ ನುಗ್ಗಿದರೆ ಒಂದೂ ಮುಟ್ಟುವುದಿಲ್ಲ. ಆದ್ದರಿಂದ ಕಂಪ್ಲಿಯದು ಬಂದು ಮುಗಿಯುವವರೆಗೆ ಕಾಯ್ದು ಕಮಲಾಪುರದ್ದಕ್ಕೆ ಅಪ್ಪಣೆ, ಅದು ಮುಗಿದ ಮೇಲೆ ಯಶವಂತನಗರದ್ದಕ್ಕೆ. ಹೀಗೆ ಊರೆಲ್ಲ ಮಲಗಿದ ಮೇಲೆ ಮಲಗಿ, ಊರು ಏಳುವ ಮುನ್ನ ಎದ್ದು, ಅವರ ಆಯುಷ್ಯದ ಬಹುಭಾಗ ಸವೆಯಿತು.

ನಡುವೆ ಒಮ್ಮೆ ಎದೆಯಲ್ಲಿ ನೀರು ತುಂಬಿ ಆಸ್ಪತ್ರೆ ಸೇರಿದರು. ಆಗ ಅವರ ಹೆಂಡತಿ ಗಂಗಾಂಬಿಕಾ ಹಾಸಿಗೆಯ ಕಾಲ ಬಳಿ ನಿಂತು ಶ್ರೀಶೈಲದ ಮಲ್ಲಯ್ಯನಿಗೆ ಹರಕೆ ಹೊತ್ತರು: ಗಂಡ ಎದ್ದು ಮನೆಗೆ ಬಂದರೆ ಯುಗಾದಿಯ ಹೊತ್ತಿಗೆ ಇಬ್ಬರೂ ಕಾಲ್ನಡಿಗೆಯಲ್ಲಿ ಬಂದು ನಿನ್ನ ಪಾದ ಕಾಣುತ್ತೇವೆ ಎಂದು. ಗಂಡ ಎದ್ದು ಬಂದರು. ಮಲ್ಲಯ್ಯನ ಬಳಿಗೆ ಹೋಗುವುದು ಮಾತ್ರ ಪ್ರತಿ ಯುಗಾದಿಗೂ ಮುಂದಿನ ಯುಗಾದಿಗೆ ಸರಿಯಿತು. ಈಗ ಗಂಗಾಂಬಿಕೆಯ ಮಂಡಿಗಳು ಮೆಟ್ಟಿಲಿಳಿಯುವಾಗ ಸದ್ದು ಮಾಡತೊಡಗಿದ್ದವು.

"ಈ ವರ್ಷ ನಾ ಹೋಗಾಕಿ," ಎಂದರು ಆಕೆ ಸಂಕ್ರಾಂತಿಯ ಮರುದಿನ, ರೊಟ್ಟಿ ಬಡಿಯುವ ಕೈ ನಿಲ್ಲಿಸದೆಯೇ. "ನೀವು ಬಂದ್ರ ಹರಕಿ ತೀರತೈತಿ. ಬರಲಿಲ್ಲಂದ್ರ ಅರ್ಧ ತೀರತೈತಿ. ಮುಂದಿನ ವರ್ಷ ನನ್ನ ಕಾಲು ಕೇಳಬ್ಯಾಡ್ರಿ."

ಉಜ್ಜಿನಪ್ಪನವರು ಸಾವುಕಾರರ ಮುಂದೆ ನಿಂತರು. ಮನೋಹರ್ ಕೆಟ್ಟವರಲ್ಲ, ವ್ಯವಹಾರ ಕಟ್ಟಿಕೊಂಡವರು.

"ಹೋಗ್ರಿ, ಬ್ಯಾಡ ಅಂದವ್ರ್ಯಾರು," ಎಂದರು. "ಆದ್ರ ನೀವಿಲ್ಲದ ಅದು ನಡೀಬೇಕಲ್ಲ. ನೀವು ಕೈ ಹಚ್ಚದ ಒಂದ್ ತಿಂಗಳು ನಡಸಿ ತೋರಸ್ರಿ. ಆಮ್ಯಾಲೆ ಶ್ರೀಶೈಲಕ್ಕರ ಹೋಗ್ರಿ, ಕಾಶಿಗರ ಹೋಗ್ರಿ."

ಹೇಳಿದ ಹೊತ್ತಿಗೆ ಹೇಳಿದ ಕೆಲಸವನ್ನು ತಾನೇ ಮಾಡುವ ಏರ್ಪಾಡು ಯುನಿಕ್ಸ್‌ನಲ್ಲಿ ಮೊದಲಿನಿಂದಲೂ ಉಂಟು. ಕ್ರಾನ್ ಎಂದು ಅದರ ಹೆಸರು. ಇಂಥ ದಿನ, ಇಂಥ ಗಳಿಗೆಗೆ ಇಂಥದನ್ನು ಮಾಡು ಎಂದು ಒಂದು ಸಾಲು ಬರೆದಿಟ್ಟರೆ ಅದು ಆಲಸ್ಯವಿಲ್ಲದೆ ಮಾಡುತ್ತದೆ. ಉಜ್ಜಿನಪ್ಪನವರು ಮೂರು ಊರುಗಳಿಗೂ ಬೇರೆ ಬೇರೆ ಹೊತ್ತು ಗೊತ್ತುಮಾಡಿ, ನಡುವೆ ಸಾಕಷ್ಟು ಬಿಡುವಿಟ್ಟು ಬರೆದರು. ಕೆಲವು ದಿನ ಸುಗಮವಾಗಿ ನಡೆಯಿತು. ಆಮೇಲೆ ಕಂಪ್ಲಿಗೆ ಭತ್ತದ ಗಾಡಿಗಳು ಸಾಲುಗಟ್ಟಿದವು. ಗಿರಣಿಯ ನಕಲು ದಿನದಿನಕ್ಕೆ ಉಬ್ಬಿತು. ಅದು ಮುಗಿಯುವ ಮುನ್ನವೇ ಕಮಲಾಪುರದ್ದು ಹೊರಟು, ಎರಡೂ ದಾರಿಯಲ್ಲಿ ಸಿಕ್ಕಿಕೊಂಡು, ಬೆಳಗಾದರೆ ಎಲ್ಲವೂ ಅರೆಬರೆ.

ಆಗ ಅವರಿಗೆ ತಮ್ಮ ಹುಟ್ಟೂರು ಮೆಟ್ರಿಯ ಕಾಲುವೆಯ ನೀರಿನ ಪಾಳಿ ನೆನಪಿಗೆ ಬಂತು. ಅಲ್ಲಿ ಗಡಿಯಾರ ನೋಡಿ ಯಾರೂ ತೂಬು ತೆರೆಯುವುದಿಲ್ಲ. ಮೇಲಿನ ಹೊಲದವನು ತನ್ನದು ತುಂಬಿದ ಮೇಲೆ ತೂಬು ಮುಚ್ಚಿ, ಬದುವಿನ ಮೇಲೆ ನಿಂತು ಕೆಳಗಿನವನಿಗೆ ಕೂಗು ಹಾಕುತ್ತಾನೆ. ಕೂಗು ಕೇಳಿದ ಮೇಲೆಯೇ ಕೆಳಗಿನವನ ಪಾಳಿ. ಹೊಲ ಹಿರಿದಾದರೆ ಹೊತ್ತು ಹೆಚ್ಚು, ಕಿರಿದಾದರೆ ಕಡಿಮೆ, ತಕರಾರಿಗೆ ಎಡೆಯಿಲ್ಲ. ಅದೇ ಕ್ರಮವನ್ನು ಅವರು ಯಂತ್ರಗಳಿಗೆ ಕಲಿಸಿದರು. ಗಿರಣಿ ಬೇಗ ಮುಚ್ಚುವುದರಿಂದ ಕಂಪ್ಲಿ ಮೊದಲು, ಕಂಪ್ಲಿಯ ಪೆಟ್ಟಿಗೆ ತನ್ನದು ಮುಗಿಸಿ ಕಮಲಾಪುರದ್ದಕ್ಕೆ ಕೂಗು ಹಾಕುವುದು, ಅದು ಯಶವಂತನಗರದ್ದಕ್ಕೆ. ಈ ಏರ್ಪಾಡು ನೀರು ಹರಿದಂತೆ ನಡೆಯಿತು. ಉಜ್ಜಿನಪ್ಪನವರು ಕೈಹಚ್ಚಲಿಲ್ಲ. ಆದರೂ ನಸುಕಿನಲ್ಲಿ ಎದ್ದು ಫೋನಿನ ಬೆಳಕಿನಲ್ಲಿ ಇಣುಕಿ ನೋಡದೆ ಇರಲಾರರು.

"ಅದು ತಾನ ಮಾಡತೈತಿ ಅಂದ್ರಿ," ಎನ್ನುತ್ತಿದ್ದರು ಗಂಗಾಂಬಿಕಾ ಮಗ್ಗುಲು ಬದಲಿಸಿ. "ಮತ್ತ ನೀವ್ಯಾಕ ಏಳ್ತೀರಿ? ಅದಕ್ಕ ಜೋಗುಳ ಹಾಡಾಕೇನು?"

"ಸುಮ್ನ ನೋಡಿದೆ."

"ನೋಡಿದ್ರಲ್ಲ. ಇನ್ನ ಮಲಗ್ರಿ."

ಅವರು ಮಲಗುತ್ತಿದ್ದರು, ನಿದ್ರೆ ಬರುತ್ತಿರಲಿಲ್ಲ.

ತಿಂಗಳು ತುಂಬುವುದಕ್ಕೆ ಸ್ವಲ್ಪವೇ ಉಳಿದಿದ್ದಾಗ ಮಹಾಶಿವರಾತ್ರಿ ಬಂತು. ದಂಪತಿಗಳು ಹಂಪಿಗೆ ಹೋಗಿ, ವಿರೂಪಾಕ್ಷನ ದರ್ಶನ ಮಾಡಿ, ಜಾಗರಣೆ ಮುಗಿಸಿ ಮನೆಗೆ ಬಂದರು. ಮರುದಿನ ಅಮಾವಾಸ್ಯೆ. ಅದರ ಮರುದಿನ, ಜಾಗರಣೆಯ ದಣಿವಿಗೆ ನಸುಕಿನಲ್ಲಿ ಎಚ್ಚರವಾಗದೆ, ಬೆಳಿಗ್ಗೆ ಶಿವಪೂಜೆ ತೀರಿಸಿ ಕಚೇರಿಗೆ ಹೋಗಿ ಉಜ್ಜಿನಪ್ಪನವರು ಪರದೆ ತೆರೆದರು. ಕಂಪ್ಲಿಯ ನಕಲು ಬಂದಿರಲಿಲ್ಲ. ಕಮಲಾಪುರದ್ದೂ ಬಂದಿರಲಿಲ್ಲ. ಯಶವಂತನಗರದ್ದೂ ಇಲ್ಲ. ಒಂದು ದಿನವೆಂಬುದೇ ನಡೆಯದಂತೆ ಮೂರೂ ಊರು ಮೌನವಾಗಿದ್ದವು.

ಕಾರಣ ಹೊಳೆಯಲು ಅವರಿಗೆ ಬಹಳ ಹೊತ್ತು ಬೇಕಾಗಲಿಲ್ಲ. ಹೊಳೆದ ಮೇಲೆ ತಮ್ಮ ಬಗ್ಗೆಯೇ ಬೇಸರ ಹುಟ್ಟಿತು. ಅಮಾವಾಸ್ಯೆಯಂದು ಕಂಪ್ಲಿಯ ಗಿರಣಿ ನಡೆಯುವುದಿಲ್ಲ. ಮೇನ್ ಸ್ವಿಚ್ ಇಳಿಸಿ, ಪಟ್ಟಿ, ಗಾಲಿಗಳನ್ನೆಲ್ಲ ಒರೆಸಿ ವಿಭೂತಿ ಹಚ್ಚಿ, ಪೂಜೆ ಮಾಡಿ, ಯಂತ್ರಗಳಿಗೆ ಒಂದು ಹಗಲು ಒಂದು ಇರುಳು ವಿಶ್ರಾಂತಿ ಕೊಡುವುದು ಅಲ್ಲಿನ ನೇಮ. ಸರ್ವರ್ ಪೆಟ್ಟಿಗೆಯನ್ನೂ ಗಿರಣಿಯವರು ಯಂತ್ರಗಳ ಕುಲಕ್ಕೆ ಸೇರಿಸಿ ಮಲಗಿಸುತ್ತಿದ್ದರು. ಇದು ಉಜ್ಜಿನಪ್ಪನವರಿಗೆ ತಿಳಿಯದ್ದೇನಲ್ಲ. ಕೈಯಿಂದ ಮಾಡುತ್ತಿದ್ದಷ್ಟು ಕಾಲವೂ ಅಮಾವಾಸ್ಯೆ ಬಂದರೆ ಕಂಪ್ಲಿಯನ್ನು ಬಿಟ್ಟು ಕಮಲಾಪುರದಿಂದ ಮೊದಲುಮಾಡುತ್ತಿದ್ದರು. ತಾವೂ ಆ ದಿನ ಹೊಸ ಕೆಲಸಕ್ಕೆ ಕೈಹಾಕುವವರಲ್ಲ. ಉಸಿರಿನಷ್ಟು ಸಹಜವಾದ ಆ ತಿಳಿವಳಿಕೆಯನ್ನು ಯಂತ್ರಕ್ಕೆ ಬೇರೆಯಾಗಿ ಹೇಳಬೇಕೆಂದು ತೋಚಿರಲಿಲ್ಲ. ಮೆಟ್ರಿಯಲ್ಲಾದರೆ ಮೇಲಿನವನು ಕೂಗದಿದ್ದಾಗ ಕೆಳಗಿನವನು ಅವನ ಮನೆಬಾಗಿಲಿಗೆ ಹೋಗಿ ವಿಚಾರಿಸುತ್ತಾನೆ. ಕಮಲಾಪುರದ ಪೆಟ್ಟಿಗೆ ಬಾರದ ಕೂಗಿಗೆ ಕಿವಿಗೊಟ್ಟು ಇರುಳೆಲ್ಲ ಕುಳಿತಿತ್ತು.

ಮುಚ್ಚಿಡದೆ ಮನೋಹರ್ ಅವರಿಗೆ ಹೇಳಿದರು. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಯುಗಾದಿ ಹಿಂದಿನ ದಿನಾನೂ ಅಮಾಸಿ ಅಲ್ರೀ. ಆವತ್ತು ನೀವು ಶ್ರೀಶೈಲದಾಗ ಇರ್ತೀರಿ."

"ಹೌದ್ರಿ ಸಾವ್ಕಾರ್ರ."

"ಹಂಗಾರ ಅಮಾಸಿ ದಿನ ನೀವಿಲ್ಲದ ನಡದದ್ದು ನನಗ ಕಾಣಬೇಕು. ಇಲ್ಲಾಂದ್ರ ಹೆಂಗ ಬಿಡ್ಲಿ, ನೀವ ಹೇಳ್ರಿ."

ಮಾತಿನಲ್ಲಿ ಅನ್ಯಾಯವಿರಲಿಲ್ಲ. ಆದರೆ ಪಾದಯಾತ್ರೆ ಹೊರಡುವುದು ಹೋಳಿ ಹುಣ್ಣಿಮೆ ಕಳೆದ ಮರುದಿನ. ಅಷ್ಟರೊಳಗೆ ಇನ್ನೊಂದು ಅಮಾವಾಸ್ಯೆ ಎಲ್ಲಿಂದ ಬರಬೇಕು? ಉಜ್ಜಿನಪ್ಪನವರು ಮೊದಲು ಪಂಚಾಂಗ ನೋಡಿ ವರ್ಷದ ಅಮಾವಾಸ್ಯೆಗಳನ್ನೆಲ್ಲ ಕ್ರಾನ್‌ಗೆ ತಿಳಿಸಬೇಕೆಂದು ಹೊರಟರು. ಅದು ತಿಂಗಳ ತಾರೀಖನ್ನು ಬಲ್ಲದು, ವಾರವನ್ನು ಬಲ್ಲದು. ತಿಥಿಯ ಗಂಧ ಅದಕ್ಕಿಲ್ಲ. ಒಂದೊಂದನ್ನೇ ಬರೆಯೋಣವೆಂದರೆ, ಮಧ್ಯಾಹ್ನ ಹುಟ್ಟಿ ಮರುದಿನ ಮಧ್ಯಾಹ್ನ ಮುಗಿಯುವ ಅಮಾವಾಸ್ಯೆಯನ್ನು ಕಂಪ್ಲಿಯವರು ಒಂದು ದಿನ ಆಚರಿಸಿದರೆ ಯಶವಂತನಗರದ ಲಾರಿಯವರು ಇನ್ನೊಂದು ದಿನ. ವೇಬ್ರಿಜ್ ನೋಡಿಕೊಳ್ಳುವ ದುರುಗೇಶನನ್ನು ಫೋನಿನಲ್ಲಿ ಕೇಳಿದರು.

"ಅದು ಆಯಾ ಡ್ರೈವರ್ ಮ್ಯಾಲ ಐತ್ರಿ ಸರ," ಎಂದ ಆತ. "ಲೋಡ್ ಇಲ್ಲದ ದಿನ ಅಮಾಸಿ ಅಂತಾರ. ಲೋಡ್ ಇದ್ರ, ಅಮಾಸಿ ನಿನ್ನೇ ಮುಗೀತು ಅಂತಾರ."

ಉಜ್ಜಿನಪ್ಪನವರು ಪಂಚಾಂಗವನ್ನು ಮುಚ್ಚಿದರು. ಅಮಾವಾಸ್ಯೆ ಯಾವಾಗ ಎಂದು ಯಂತ್ರಕ್ಕೆ ಹೇಳುವುದಲ್ಲ. ಕೂಗು ಬಾರದಿದ್ದರೆ ಏನು ಮಾಡಬೇಕೆಂದು ಹೇಳಬೇಕು. ಒಂದು ಮಿತಿಯವರೆಗೆ ಕಾಯಿ; ಅಷ್ಟರಲ್ಲಿ ಕೂಗು ಬಾರದಿದ್ದರೆ ಮೇಲಿನವನು ಇಂದು ಬರುವುದಿಲ್ಲವೆಂದು ತಿಳಿದು ನಿನ್ನ ತೂಬನ್ನು ನೀನೇ ತೆರೆ; ಬಿಟ್ಟುಹೋದವನು ಎದ್ದಾಗ ನಾಳೆಯ ಪಾಳಿಯಲ್ಲಿ ಎರಡು ದಿನದ್ದನ್ನೂ ಕಳಿಸಲಿ. ಇಷ್ಟನ್ನು ಬರೆದು ಮುಗಿಸುವುದರಲ್ಲಿ ದಿನಗಳು ಸರಿದವು. ಪರೀಕ್ಷೆಗೆ ಒಂದು ಅಮಾವಾಸ್ಯೆ ಬೇಕಾಗಿತ್ತು. ಅದನ್ನು ಕೊಡಬಲ್ಲವರು ಒಬ್ಬರೇ. ಅವರು ಕಂಪ್ಲಿಯ ಗಿರಣಿಯನ್ನು ನಡೆಸುವ, ಮನೋಹರ್ ಅವರ ಸೋದರತ್ತೆ ಕೊಟ್ರಬಸಮ್ಮ.

ಬಸ್ಸಿನಿಂದಿಳಿದು ಗಿರಣಿಯ ಅಂಗಳ ಹೊಕ್ಕಾಗ ಬಿಸಿಲು ನೆತ್ತಿಗೇರಿತ್ತು. ತೌಡಿನ ವಾಸನೆ, ಗಾಳಿಯಲ್ಲಿ ತೇಲುವ ಹೊಟ್ಟು. ಕೊಟ್ರಬಸಮ್ಮ ಗೋಣಿಚೀಲಗಳ ಅಟ್ಟಿಯ ನೆರಳಿನಲ್ಲಿ ಕುರ್ಚಿ ಹಾಕಿಸಿಕೊಂಡು ಕುಳಿತಿದ್ದರು.

"ಬರ್ರಿ ಉಜ್ಜಿನಪ್ಪಾರ, ಕುಂದ್ರಿ. ಏನು, ಪೆಟ್ಟಿಗಿ ಕೆಟ್ಟೈತೇನು?"

"ಇಲ್ರಿ ಅಮ್ಮಾರ. ಅಮಾಸಿ ದಿನ ಅದನ್ನೂ ಬಂದ್ ಮಾಡ್ತೀರಲ್ಲ, ಆ ವಿಷಯಕ್ಕ ಬಂದಿದ್ದೆ."

"ಮಾಡದ ಮತ್ತ? ಬಂದಾಗಿನಿಂದ ಮಾಡಾಕತ್ತೀನಿ. ಅದೂ ದುಡಿಯೋದ ಅಲ್ರೀ? ಗಿರಣಿ ಮಲಗಿದ ದಿನ ಅದೊಂದ ಯಾಕ ಎದ್ದು ಕುಂದ್ರಬೇಕು?" ಆಕೆಯ ದನಿ ಗಡುಸಾಯಿತು. "ಬಂದ್ ಮಾಡಬ್ಯಾಡ್ರಿ ಅಂತ ಹೇಳಾಕ ಬಂದಿದ್ರ, ಹಂಗ ಬಸ್ಸು ಹತ್ರಿ."

"ಇಲ್ರಿ, ಬಂದ್ ಮಾಡ್ರಿ ಅಂತ ಹೇಳಾಕ ಬಂದೀನಿ. ಹೋಳಿ ಹುಣ್ಣಿಮಿ ದಿನ."

ಕೊಟ್ರಬಸಮ್ಮ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಹುಣ್ಣಿಮಿ ದಿನ ಅಮಾಸಿ ಮಾಡಂತೀರೇನು?" ಎಂದರು. ಬಳಿಕ ಒಳಗೆ ಹೊರಳಿ, "ಒಂದ್ ದೊಡ್ಡ ಲೋಟ ಮಜ್ಜಿಗಿ ತರ್ರೇ. ಹೊಸಪ್ಯಾಟಿಯಿಂದ ಬಂದವ್ರಿಗೆ ಬಿಸಿಲು ಭಾಳ ಹತ್ತೈತಿ," ಎಂದರು.

ಮಜ್ಜಿಗೆ ಕುಡಿಯುತ್ತ ಉಜ್ಜಿನಪ್ಪನವರು ಎಲ್ಲವನ್ನೂ ಹೇಳಿದರು: ಹರಕೆ, ಗಂಗಾಂಬಿಕೆಯ ಮಂಡಿ, ಸಾವುಕಾರರ ಷರತ್ತು. ಅವರಿಗೆ ವಾದಿಸುವ ಶಕ್ತಿ ಇರಲಿಲ್ಲ. ಬೇಡುವ ಶಕ್ತಿಯೂ ಅಷ್ಟಕ್ಕಷ್ಟೆ. ಆಕೆ ಕೇಳುತ್ತ ಕೇಳುತ್ತ ಸೆರಗಿನ ಮೇಲೆ ಕುಳಿತ ಹೊಟ್ಟನ್ನು ಕೊಡವಿದರು.

"ಯಂತ್ರಕ್ಕ ತಿಂಗಳಿಗೊಂದು ಅಮಾಸಿ ಇಟ್ಟೀನಿ ನಾನು. ನಿಮಗ ಯಾರು ಇಟ್ಟಾರ?"

ಉಜ್ಜಿನಪ್ಪನವರು ಉಳಿದ ಮಜ್ಜಿಗೆ ಕುಡಿದು ಲೋಟ ಕೆಳಗಿಟ್ಟರು.

"ಪೂಜಿ ಇಲ್ಲದ ಮಲಗಿಸಾಕ ಬರಂಗಿಲ್ಲ," ಎಂದು ಆಕೆ ತೀರ್ಮಾನ ಕೊಟ್ಟರು. "ಹುಣ್ಣಿಮಿ ದಿನ ಅಮಾಸಿ ಪೂಜಿ ಮಾಡಿದ್ರ ಶಿವ ನಗ್ತಾನ. ನಗಲಿ. ಒಂದು ಕಾಯಿ ಒಡದು ತಪ್ಪಾತು ಅಂತ ಕೇಳ್ತೀನಿ. ಆದ್ರ ಆ ಪೆಟ್ಟಿಗಿ ಒಂದ. ಗಿರಣಿ ನಿಲ್ಲಸಂಗಿಲ್ಲ, ಭತ್ತ ಬಂದು ಬಿದ್ದೈತಿ."

"ಅಷ್ಟ ಸಾಕ್ರಿ."

ಹುಣ್ಣಿಮೆಯ ಮರುದಿನ ಬೆಳಿಗ್ಗೆ ಗಂಗಾಂಬಿಕಾ ಗಂಡನ ಫೋನನ್ನು ಜೋಳದ ಹಿಟ್ಟಿನ ಡಬ್ಬಿಯ ಹಿಂದೆ ಇಟ್ಟು, "ಕಚೇರಿಗೆ ಹೋಗಿ ಸಾವ್ಕಾರ್ರ ಮುಂದ ನೋಡ್ರಿ. ಏನಾಗಿದ್ರೂ ಇಬ್ರೂ ಕೂಡೇ ನೋಡ್ರಿ," ಎಂದರು. ಯಾತ್ರೆಯ ಚೀಲಗಳೆರಡೂ ಬಾಗಿಲ ಬಳಿ ಕಟ್ಟಿ ನಿಂತಿದ್ದವು. ತಂಡ ಹೊರಡುವುದು ಅಂದೇ ಸಂಜೆ. ಉಜ್ಜಿನಪ್ಪನವರು ಆ ಚೀಲಗಳ ಕಡೆ ನೋಡದೆ ಚಪ್ಪಲಿ ಮೆಟ್ಟಿದರು.

ಮೆಟ್ಟಿಲಡಿಯ ಕೋಣೆಗೆ ಮನೋಹರ್ ತಾವೇ ಇಳಿದು ಬಂದರು. ಪರದೆ ಬೆಳಗಿತು. ಕಂಪ್ಲಿಯ ಜಾಗ ಖಾಲಿಯಿತ್ತು. ಕಮಲಾಪುರದ್ದು ಕಾಯ್ದು, ಮಿತಿ ಮುಗಿದ ಮೇಲೆ ತಾನಾಗಿ ಹೊರಟು ಬಂದು ಸೇರಿತ್ತು. ಅದರ ಕೂಗು ಕೇಳಿ ಯಶವಂತನಗರದ್ದೂ ಬಂದಿತ್ತು. ಉಜ್ಜಿನಪ್ಪನವರು ಅಷ್ಟಕ್ಕೆ ನಿಲ್ಲದೆ, ಬಂದ ನಕಲಿನಿಂದ ಹಿಂದಿನ ದಿನದ ಒಂದು ಲಾರಿಯ ತೂಕವನ್ನು ಹೊರತೆಗೆದು, ದುರುಗೇಶನಿಗೆ ಫೋನು ಮಾಡಿಸಿ ತಾಳೆ ನೋಡಿದರು. ಸರಿಯಾಗಿತ್ತು.

"ಹೋಗಿ ಬರ್ರಿ," ಎಂದರು ಮನೋಹರ್. ಬಾಗಿಲವರೆಗೆ ಹೋದವರು ತಿರುಗಿ, "ನನ್ನ ಹೆಸರ್ಲೆ ಒಂದು ಬಿಲ್ವಪತ್ರಿ ಏರಸ್ರಿ," ಎಂದರು.

ಇಷ್ಟು ವರ್ಷ ಬಯಸಿದ್ದು ಕೈಸೇರಿದಾಗ ಸಂತೋಷವಾಗುವುದೆಂದು ಉಜ್ಜಿನಪ್ಪನವರು ನಂಬಿದ್ದರು. ಆದದ್ದು ಬೇರೆ. ಎದ್ದು ಹೋಗಲು ಮನಸ್ಸು ಬಾರದೆ ಅದೇ ಕುರ್ಚಿಯಲ್ಲಿ ಕುಳಿತು ಪರದೆಯ ಸಾಲುಗಳನ್ನು ಮತ್ತೆ ಮೊದಲಿನಿಂದ ಓದಿದರು.

ತಂಡ ಹೊರಟಿತು. ಮುಂದೆ ಮಲ್ಲಯ್ಯನ ಕಂಬಿಯೆಂಬ ಸಿಂಗರಿಸಿದ ಕೋಲು ಹೊತ್ತವರು, ಹಿಂದೆ ಪಾತ್ರೆಪಡಗ, ಅಕ್ಕಿಚೀಲಗಳನ್ನು ತುಂಬಿದ ಟ್ರ್ಯಾಕ್ಟರ್, ನಡುವೆ ಒಬ್ಬರನ್ನೊಬ್ಬರು ಮಲ್ಲಯ್ಯ ಎಂದೇ ಕರೆಯುವ ಜನ. ಗಂಗಾಂಬಿಕೆಯ ಮಂಡಿಗಳು ಮೊದಲ ದಿನ ಗೊಣಗಿದವು, ಎರಡನೆಯ ದಿನ ಒಪ್ಪಿಕೊಂಡವು. ಬಳ್ಳಾರಿ ದಾಟಿ ಎರೆಮಣ್ಣಿನ ಬಯಲಿಗೆ ಬರುವಷ್ಟರಲ್ಲಿ ಆಕೆ ಹಾಡುವವರ ಗುಂಪು ಸೇರಿದ್ದರು. ಸೋತದ್ದು ಉಜ್ಜಿನಪ್ಪನವರ ಕಾಲು. ಇಪ್ಪತ್ತು ವರ್ಷ ಕುರ್ಚಿಯ ಕೆಳಗೆ ಮಡಿಸಿಟ್ಟ ಕಾಲುಗಳು ಅವು; ಪಾದದ ಹರಡು ಬಾತು, ಅಂಗಾಲು ಒಡೆದು, ಒಂದು ಮಧ್ಯಾಹ್ನ ಬೇವಿನ ಮರದಡಿ ಕುಳಿತವರಿಗೆ ಏಳಲಾಗಲಿಲ್ಲ. ತಂಡದ ಹಿರಿಯರು ನೋಡಿ, ಟ್ರ್ಯಾಕ್ಟರಿನ ಮೇಲೆ ಜಾಗ ಮಾಡಿಸಿದರು.

"ಇಬ್ರೂ ನಡಕೊಂಡ್ ಬರ್ತೀವಿ ಅಂತ ಬೇಡಿಕೊಂಡಿದ್ದಿ," ಎಂದರು ಅವರು, ಹೆಂಡತಿ ತಮ್ಮ ಕಾಲಿಗೆ ಎಣ್ಣೆ ಸವರುತ್ತಿರುವಾಗ. "ನನ್ನ ಕಾಲಾಗ ಹರಕಿ ಕೆಡ್ತು."

"ಕೆಟ್ಟಿಲ್ಲ. ನಿಮ್ಮ ಪಾಲಿಂದೂ ನಾ ನಡೀತೀನಿ."

"ಹಂಗ ನಡಿಯಾಕ ಬರ್ತೈತೇನು?"

"ಆಸ್ಪತ್ರ್ಯಾಗ ನಿಮ್ಮ ಪಾಲಿನ ನಿದ್ದಿ ನಾ ಕೆಟ್ಟಿಲ್ಲೇನು? ಹಂಗ ಇದೂ. ಸುಮ್ನ ಹತ್ತಿ ಮಲಗ್ರಿ."

ಅಂದಿನಿಂದ ಅವರು ಅಕ್ಕಿಚೀಲಗಳ ಮೇಲೆ ಒರಗಿ ಸಾಗಿದರು. ನಾಚಿಕೆ ಒಂದು ದಿನ ಬಾಧಿಸಿತು; ಬಳಿಕ ಅದೂ ದಣಿಯಿತು. ಕರ್ನೂಲಿನ ಈಚೆ ಒಮ್ಮೆ ದುರುಗೇಶನ ಫೋನು ಬಂತು.

"ಸರ, ಇವತ್ತು ನಮ್ಮದು ಹೋದಂಗಿಲ್ರಿ. ಕೆಂಪು ಲೈಟು ಹತ್ತೈತಿ. ಏನ್ ಮಾಡ್ಲಿ?"

ಉಜ್ಜಿನಪ್ಪನವರ ಬಾಯಿಗೆ ಬರಬೇಕಾದ ಆಜ್ಞೆಗಳೆಲ್ಲ ಒಟ್ಟಿಗೆ ಬಂದು ನಿಂತವು. ರಸ್ತೆಯ ಅಂಚಿನಲ್ಲಿ ಗಂಗಾಂಬಿಕಾ ಇನ್ನೊಬ್ಬಳ ಹೆಗಲ ಮೇಲೆ ಕೈಯಿಟ್ಟು ನಡೆಯುತ್ತಿದ್ದರು, ತಿರುಗಿ ನೋಡಲಿಲ್ಲ.

"ಏನೂ ಮಾಡಬ್ಯಾಡ," ಎಂದರು ಕೊನೆಗೆ. "ನಾಳೆ ತನ್ನ ಪಾಳಿಯಾಗ ಎರಡೂ ಕಳಸತೈತಿ. ಬಿಡು."

"ಬಿಡ್ಲೇನ್ರಿ?"

"ಬಿಡು."

ಫೋನು ಇಟ್ಟ ಮೇಲೂ ಬೆರಳು ಅದರ ಮೇಲೆಯೇ ಇತ್ತು. ಮರುದಿನ ಎರಡೂ ಸೇರಿದವೆಂದು ದುರುಗೇಶ ತಿಳಿಸಿದ. ಆ ಹೊತ್ತಿಗೆ ಉಜ್ಜಿನಪ್ಪನವರು ನಿದ್ರಿಸುತ್ತಿದ್ದರು, ಕೇಳಿಸಿಕೊಂಡವರು ಗಂಗಾಂಬಿಕಾ.

ಅಮಾವಾಸ್ಯೆಯ ದಿನ ತಂಡ ನಲ್ಲಮಲೆಯ ಕಾಡಿನಲ್ಲಿತ್ತು. ಫೋನಿಗೆ ಅಲ್ಲಿ ಜಾಲವಿರಲಿಲ್ಲ. ಟ್ರ್ಯಾಕ್ಟರು ಏರುದಾರಿಯಲ್ಲಿ ಮೆಲ್ಲಗೆ ಏದುತ್ತ ಸಾಗುತ್ತಿತ್ತು. ಎಲೆಯುದುರಿದ ಮರಗಳ ತೆಳುನೆರಳು ಅವರ ಮುಖದ ಮೇಲೆ ಹಾಯುತ್ತಿತ್ತು. ಕಂಪ್ಲಿಯಲ್ಲಿ ಪೂಜೆಯಾಗಿದೆಯೋ, ಕಮಲಾಪುರದ್ದು ಕಾಯುತ್ತಿದೆಯೋ, ಹೊರಟಿತೋ, ತಿಳಿಯುವ ದಾರಿಯಿರಲಿಲ್ಲ. ತಿಳಿಯಬೇಕೆಂಬ ಆಸೆ ಒಂದೆರಡು ಬಾರಿ ತಲೆಯೆತ್ತಿ, ಹಾದಿ ಕಾಣದೆ ತಾನೇ ತಲೆ ತಗ್ಗಿಸಿತು. ಮುಂದೆ ಎಲ್ಲೋ ಹಾಡುವವರ ದನಿ, ಅದರಲ್ಲಿ ಗಂಗಾಂಬಿಕೆಯದೂ ಸೇರಿದಂತಿತ್ತು. ಉಜ್ಜಿನಪ್ಪನವರು ಕರಡಿಗೆಯನ್ನು ಅಂಗೈಯಲ್ಲಿ ಹಿಡಿದು, ಶಿವನಾಮ ಸ್ಮರಿಸಲು ತುಟಿ ತೆರೆದು, ಅದು ಪೂರ್ತಿಯಾಗುವ ಮುನ್ನವೇ ನಿದ್ರೆ ಹೋದರು.